ತಾಗಿಸಿಕೊಂಡ ಯಂತ್ರ

ಕುರುಬರಹಳ್ಳಿ
ಸೋಮವಾರ, ೨೭-೧-೨೦೨೫

ಮಗಳು ಲಕ್ಷ್ಮಿಗೆ,

ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ದಾವಣಗೆರೆಯಲ್ಲಿ ನೀನೂ ಅಳಿಯಂದಿರೂ ಹಾಗೇ ಇದ್ದೀರಿ ಎಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ. ಆಮೇಲೆ ನಾನು ಕೂಗುತ್ತೇನೆ. ಆಮೇಲೆ ನಿಮ್ಮಪ್ಪ ಟೀವಿಯ ಸೌಂಡು ಜಾಸ್ತಿ ಮಾಡುತ್ತಾರೆ. ಪಕ್ಕದ ರೂಮಿನಲ್ಲಿರುವ ನಿನ್ನ ಮಗಳು ಗಗನಾಗೆ ಎಲ್ಲವೂ ಕೇಳಿಸುತ್ತದೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ನಾಲ್ಕನೇ ಕ್ಲಾಸಿಗೇ ಬಿಟ್ಟವಳು ನಾನು, ಒತ್ತು ದೀರ್ಘ ತಪ್ಪಿದ್ದರೆ ಸರಿ ಮಾಡಿಕೊಂಡು ಓದಿಕೋ.

ರೋಬೋ ಸ್ಪರ್ಧೆಯ ಬಗ್ಗೆ ಗಗನಾ ನಿನಗೆ ಹೇಳಿದ್ದು ಅರ್ಧ ಮಾತ್ರ. ಸೆಮಿಫೈನಲ್ಲಿನಲ್ಲಿ ನಾನು ಫೌಲು ಮಾಡಿದೆ, ನಮ್ಮ ತಂಡ ಹೊರಗೆ ಬಂತು ಅಂತ ಹೇಳಿದಳು. ನೀನು ತಕ್ಷಣ, ಆಯ್ತಲ್ಲ, ಸೋತಿದ್ದೂ ಆಯ್ತು, ಮುಂದಿನ ವರ್ಷ ಹತ್ತನೇ ಕ್ಲಾಸು, ಇನ್ನು ಆ ಮೆಷಿನ್ನಿನ ಕಡೆ ತಿರುಗಿಯೂ ನೋಡಬೇಡ ಅಂದೆ. ಮಗು ಸರಿ ಅಮ್ಮ ಅಂದಿತು. ಅಷ್ಟು ಬೇಗ ಸರಿ ಅಂದಿತಲ್ಲ, ನಿನಗೆ ಅನುಮಾನ ಬರಲಿಲ್ಲವೇ? ನಿನ್ನ ಮಗಳು ಯಾವ ಕಾಲದಲ್ಲಿ ಒಂದೇ ಸಲಕ್ಕೆ ಸರಿ ಅಂದಿದ್ದಾಳೆ?

ಇನ್ನರ್ಧ ನಾನು ಬರೆಯುತ್ತೇನೆ. ಬರೆದರೆ ಏನಾಗುತ್ತದೆ ಅಂತಲೂ ಗೊತ್ತು. ದಸರಾ ಹೊತ್ತಿನಲ್ಲಿ ನಾನು ಸ್ಕೂಲ್ ವ್ಯಾನಿನವನ ಕೊರಳಪಟ್ಟಿ ಹಿಡಿದಾಗ ನೀನು ಹೇಳಿದ್ದು ನನಗೆ ಮರೆತಿಲ್ಲ. ಇನ್ನೊಂದು ಸಲ ನಿನ್ನ ಬಾಯಿಂದ ನನ್ನ ಮಗಳಿಗೆ ತೊಂದರೆ ಆದರೆ ಅವಳನ್ನು ದಾವಣಗೆರೆಗೆ ಕರ್ಕೊಂಡ್ ಬಂದ್ಬಿಡ್ತೀನಿ ಅಂದಿದ್ದೆ. ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಕೂತಿದ್ದೇನೆ. ಒಂದು ವಾರ ಪೆನ್ನು ಹುಡುಕಿಕೊಂಡು ಓಡಾಡಿದೆ. ಪೆನ್ನು ಎದುರಿಗೇ ಇತ್ತು.

ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ, ಅದಕ್ಕೇ ಮಕ್ಕಳಿಗೆ ಬಿಟ್ಟುಕೊಟ್ಟಿದ್ದು, ನಿನಗೂ ಗೊತ್ತು. ಪ್ರತಿ ಶನಿವಾರ ಗಗನಾಳ ಸ್ಕೂಲಿನ ಆರು ಮಕ್ಕಳು ಬರುತ್ತಾರೆ. ಅವರ ಜೊತೆ ಅರುಣ್ ಕುಮಾರ್ ಮೇಷ್ಟ್ರು. ಯಶ್ವಂತ್ ಅನ್ನುವ ಉದ್ದನೆಯ ಹುಡುಗ ಲೀಡರು, ಗಗನಾ ಡ್ರೈವರು. ಮೆಷಿನ್ನು ನಮ್ಮ ಗ್ಯಾಸ್ ಸ್ಟೌವಿಗಿಂತ ಸ್ವಲ್ಪ ದೊಡ್ಡದು, ನಾಲ್ಕು ಚಕ್ರ, ಒಂದು ಕೈ. ಅದಕ್ಕೆ ಬೊಟ್ಟು ಇಟ್ಟು ಪೂಜೆ ಮಾಡಿಕೊಟ್ಟಿದ್ದೇ ನಾನು.

ಸ್ಪರ್ಧೆ ನಡೆದದ್ದು ಕೆಂಗೇರಿ ದಾಟಿದ ಮೇಲೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ವಿಜಯನಗರದಿಂದ ಮೆಟ್ರೋದಲ್ಲಿ ಹೋದೆವು. ನಿಮ್ಮಪ್ಪ ಬಂದು, ಮೊದಲನೇ ಆಟಕ್ಕೇ ಕುರ್ಚಿಯಲ್ಲಿ ನಿದ್ದೆ ಹೊಡೆದರು. ಅವರಿಂದ ಯಾವ ಫೌಲೂ ಆಗಲಿಲ್ಲ.

ಆಟ ಏನೆಂದರೆ, ಕೋಣೆಯಷ್ಟು ಅಗಲದ ಒಂದು ಚೌಕ, ಸುತ್ತ ಮೊಣಕಾಲೆತ್ತರದ ಗೋಡೆ. ಒಳಗೆ ನಾಲ್ಕು ಮೆಷಿನ್ನು, ಎರಡು ಕೆಂಪು ಕಡೆ, ಎರಡು ನೀಲಿ ಕಡೆ. ಚೆಲ್ಲಿರುವ ಪ್ಲಾಸ್ಟಿಕ್ ಚೆಂಡುಗಳನ್ನು ಎತ್ತಿ ತಮ್ಮ ಬುಟ್ಟಿಗೆ ಹಾಕಬೇಕು. ಮಕ್ಕಳು ಗೋಡೆಯ ಆಚೆ ನಿಂತು ರಿಮೋಟು ಒತ್ತುತ್ತಾರೆ. ಹಾಲು ಉಕ್ಕುವಷ್ಟರಲ್ಲಿ ಒಂದಾಟ ಮುಗಿದಿರುತ್ತದೆ. ಕೊನೆಗೆ ಗಂಟೆ ಹೊಡೆದಾಗ ಅವರವರ ಮೂಲೆಗೆ ಹೋಗಿ ನಿಲ್ಲಬೇಕು. ಇಷ್ಟು ನನಗೆ ಅರ್ಥವಾಯಿತು. ಇದಾದ ಮೇಲೆ ಒಂದೂ ಆಗಲಿಲ್ಲ.

ಬೆಳಿಗ್ಗೆ ಮೊದಲ ಆಟದಲ್ಲಿ ಗಗನಾಳ ಜೊತೆಗಿದ್ದದ್ದು ಕೆಂಗೇರಿಯ ಒಂದು ತಂಡ. ಅದರ ಡ್ರೈವರು ವಚನಾ ಅಂತ ಒಂದು ಹುಡುಗಿ, ಕನ್ನಡಕ, ಎರಡು ಜಡೆ. ಇಬ್ಬರೂ ಗೆದ್ದು ಕೈ ಕೈ ತಟ್ಟಿಕೊಂಡರು. ಒಳ್ಳೆಯ ಹುಡುಗಿ ಅಂತ ನಾನೇ ಅವಳಿಗೆ ಒಂದು ಮುಷ್ಟಿ ಎಳ್ಳು ಬೆಲ್ಲ ಕೊಟ್ಟೆ, ಸಂಕ್ರಾಂತಿಯದು ಉಳಿದಿತ್ತು. ಆಮೇಲೆ ನೋಡಿದರೆ ಅದೇ ಹುಡುಗಿ ಎದುರು ಪಾರ್ಟಿ. ಚೀಟಿ ಎತ್ತಿ ಜೋಡಿ ಮಾಡುತ್ತಾರಂತೆ, ಒಂದೊಂದು ಆಟಕ್ಕೂ ಜೋಡಿ ಬದಲು. ಯಾರಿಗೆ ಎಳ್ಳು ಕೊಡಬೇಕು, ಯಾರಿಗೆ ಕೊಡಬಾರದು ಅಂತ ಮೊದಲೇ ಹೇಳಬಾರದೇ?

ನಮ್ಮ ಮೆಷಿನ್ನಿನ ಕೈ ನಿಧಾನ, ಬುಡ ಭಾರ. ಹಾಗಾಗಿ ಮೇಷ್ಟ್ರು ಅದಕ್ಕೆ ಚೆಂಡು ಎತ್ತುವುದಕ್ಕಿಂತ ಅಡ್ಡ ನಿಲ್ಲುವ ಕೆಲಸ ಹಚ್ಚಿದ್ದರು. ಎದುರಿನವರು ಬುಟ್ಟಿಗೆ ಹೋಗದ ಹಾಗೆ ದಾರಿ ಕಟ್ಟುವುದು. ಡಿಫೆನ್ಸು ಅನ್ನುತ್ತಾರೆ. ಲಕ್ಷ್ಮಿ, ಅದನ್ನು ನೀನು ನೋಡಬೇಕಿತ್ತು. ನಿನ್ನ ಮಗಳು ರಿಮೋಟಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು, ತುಟಿ ಕಚ್ಚಿಕೊಂಡು, ಆ ಕಡೆಯವನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಮುಟ್ಟಿದ ಹಾಗೂ ಇರಬಾರದು, ಬಿಟ್ಟ ಹಾಗೂ ಇರಬಾರದು. ಪಕ್ಕದಲ್ಲಿದ್ದ ಯಾರದೋ ಅಪ್ಪ, ಆ ಹುಡುಗಿ ಯಾವ ಸ್ಕೂಲು ಅಂತ ಕೇಳಿದರು. ನಮ್ಮ ಮೊಮ್ಮಗಳು ಅಂದೆ.

ಆದರೆ ಆ ರೂಲ್ಸು. ಅಡ್ಡ ನಿಲ್ಲಬಹುದು, ತಳ್ಳಬಹುದು, ಆದರೆ ಗೋಡೆಗೆ ಒತ್ತಿ ಹಿಡಿದುಕೊಳ್ಳಬಾರದು. ರೆಫರಿ ಕೈ ಬೀಸಿ ಎಣಿಸುತ್ತಾಳೆ, ಅಷ್ಟರಲ್ಲಿ ಬಿಟ್ಟು ಹಿಂದೆ ಬರಬೇಕು. ಸಿಕ್ಕಿಬಿದ್ದವನನ್ನು ಯಾರಾದರೂ ಬಿಡುತ್ತಾರೆಯೇ? ಎರಡನೇ ಆಟದಲ್ಲಿ ಗಗನಾ ಒಂದು ಮೆಷಿನ್ನನ್ನು ಮೂಲೆಗೆ ಒತ್ತಿದಾಗ, ಬಿಡಬೇಡ್ವೇ, ಹಿಡ್ಕೊ ಅಂತ ನಾನು ಕೂಗಿದೆ. ಅವಳು ಬಿಡುವುದು ಒಂದು ಉಸಿರು ತಡವಾಯಿತು. ಫೌಲು. ನಿನ್ನ ಕೂಗು ಕೇಳಿಸಲೇ ಇಲ್ಲ ಅಜ್ಜಿ ಅಂದಳು ಆಮೇಲೆ. ಅಲ್ಲಿದ್ದ ಜನವೆಲ್ಲ ನನ್ನ ಕಡೆ ತಿರುಗಿ ನೋಡಿತ್ತು, ಇವಳಿಗೆ ಮಾತ್ರ ಕೇಳಿಸಲಿಲ್ಲವಂತೆ.

ಅದರ ಮುಂದಿನ ಆಟದಲ್ಲಿ ಒಂದು ಚೆಂಡು ಗೋಡೆ ಹಾರಿ ಉರುಳಿಕೊಂಡು ಬಂದು ನನ್ನ ಕಾಲ ಹತ್ತಿರ ನಿಂತಿತು. ನೀನಾಗಿದ್ದರೆ ಏನು ಮಾಡುತ್ತಿದ್ದೆ? ನಮ್ಮ ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುವಾಗ ಬಾಲು ಕಾಂಪೌಂಡಿನೊಳಗೆ ಬಿದ್ದರೆ ಬೈದುಕೊಂಡಾದರೂ ಎಸೆಯುತ್ತೇವಲ್ಲ. ಹಾಗೇ ಎತ್ತಿ ಒಳಗೆ ಎಸೆದೆ. ಅದು ಹೋಗಿ ನಮ್ಮ ಮೆಷಿನ್ನಿನ ಮುಂದೆಯೇ ಬಿತ್ತು. ವಿಸಿಲ್ ಹೊಡೆದರು. ಗಗನಾಳ ತಂಡಕ್ಕೆ ಹಳದಿ ಕಾರ್ಡು. ಹೊರಗಿನವರು ಯಾರೂ ಆಟದೊಳಗೆ ಕೈ ಹಾಕಬಾರದಂತೆ, ಹಾಕಿದರೆ ಕೈ ಹಾಕಿದವರಿಗಲ್ಲ, ಮಕ್ಕಳಿಗೆ ಶಿಕ್ಷೆಯಂತೆ. ಇನ್ನೊಂದು ಹಳದಿ ಬಂದರೆ ಅದು ಕೆಂಪು, ಕೆಂಪು ಅಂದರೆ ಮನೆಗೆ.

ಅರುಣ್ ಕುಮಾರ್ ಮೇಷ್ಟ್ರು ಬಂದು ನನ್ನ ಪಕ್ಕ ಕೂತರು. ಬೈಯಲಿಲ್ಲ. ನೆಲದ ಮೇಲೆ ಅಂಟಿಸಿದ್ದ ಒಂದು ಕೆಂಪು ಪಟ್ಟಿಯ ಚೌಕ ತೋರಿಸಿದರು. ಏನಾದರೂ ತಕರಾರು ಇದ್ದರೆ ಮಕ್ಕಳೇ ಆ ಚೌಕದಲ್ಲಿ ನಿಂತು ರೆಫರಿಗೆ ಹೇಳಬೇಕು, ನಾನೂ ಹೋಗೋ ಹಾಗಿಲ್ಲ ಅಮ್ಮ, ನೀವೂ ಹೋಗೋ ಹಾಗಿಲ್ಲ ಅಂದರು. ಮೇಷ್ಟ್ರೂ ಹೋಗುವ ಹಾಗಿಲ್ಲವಾದರೆ ಅವರನ್ನು ಯಾಕೆ ಇಟ್ಟುಕೊಂಡಿರುವುದು ಅಂತ ನನಗನ್ನಿಸಿತು. ಕೇಳಲಿಲ್ಲ. ಹೂಂ ಅಂದೆ. ಹೂಂ ಅಂದಿದ್ದು ನಿಜ, ಅದನ್ನೂ ಬರೆದುಬಿಡುತ್ತೇನೆ. ಗೊತ್ತಿಲ್ಲದೆ ಮಾಡಿದೆ ಅಂತ ಆಮೇಲೆ ನಾನು ಹೇಳುವ ಹಾಗಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ಗಗನಾ ತುತ್ತು ಕೈಯಲ್ಲಿ ಹಿಡಿದುಕೊಂಡು ಯೋಚನೆ ಮಾಡುತ್ತಿದ್ದಳು. ಸೆಮಿಫೈನಲ್ಲಿಗೆ ಬಂದಿದ್ದರು, ಎದುರಿಗೆ ವಚನಾಳ ತಂಡ. ಆ ಹುಡುಗಿಯ ಮೆಷಿನ್ನು ಬಹಳ ಚುರುಕು, ಎಷ್ಟು ಅಡ್ಡ ನಿಂತರೂ ನುಸುಳುತ್ತದೆ ಅಂದಳು. ಇನ್ನೊಂದು ವಿಷಯವನ್ನೂ ಹೇಳಿದಳು. ಕೊನೆಯ ಗಂಟೆ ಆದ ಮೇಲೆ ನಮ್ಮ ಮೂಲೆಯಲ್ಲಿ ನಾವು ನಿಂತಿರುವಾಗ ಅವರು ಬಂದು ತಾಗಿದರೆ ಅವರದು ಫೌಲು, ಪಾಯಿಂಟು ನಮಗೆ.

ಆಗ ನಾನು ಅವಳಿಗೆ ನಲ್ಲಿಯ ಕಥೆ ಹೇಳಿದೆ.

ನೀನು ತೊಟ್ಟಿಲಲ್ಲಿದ್ದಾಗ ಕುರುಬರಹಳ್ಳಿಯಲ್ಲಿ ಮನೆಮನೆಗೆ ನೀರು ಎಲ್ಲಿತ್ತು? ಬೀದಿಗೆ ಒಂದು ನಲ್ಲಿ. ಕೊಡಗಳ ಸಾಲು. ಜಗಳ ಮಾಡಿ ಗೆಲ್ಲುವುದು ಕಷ್ಟ, ಎಲ್ಲರಿಗೂ ಬಾಯಿ ಇತ್ತು. ಅದಕ್ಕೆ ನಾನು ಏನು ಮಾಡುತ್ತಿದ್ದೆ ಅಂದರೆ, ಯಾವಳಾದರೂ ಸಾಲು ಮುರಿದು ನುಗ್ಗುವ ಹಾಗೆ ಕಂಡರೆ ನನ್ನ ಕೊಡವನ್ನು ಅವಳ ಕಾಲಿಗೆ ಸಿಗುವ ಹಾಗೆ ಒಂದು ಗೇಣು ಹಿಂದಕ್ಕೆ ಇಟ್ಟುಬಿಡುತ್ತಿದ್ದೆ. ಅವಳು ಎಡವುತ್ತಿದ್ದಳು, ಕೊಡ ಉರುಳುತ್ತಿತ್ತು, ಆಮೇಲೆ ಇಡೀ ಸಾಲು ನನ್ನ ಪರ. ಒಂದೂ ಕೆಟ್ಟ ಮಾತಾಡದೆ ಅವಳನ್ನು ಸಾಲಿನ ಹಿಂದಕ್ಕೆ ಕಳಿಸಬಹುದಿತ್ತು. ನುಗ್ಗದವಳಿಗೂ ಒಂದೆರಡು ಸಲ ಹಾಗೆ ಮಾಡಿದ್ದೇನೆ. ಮನೆಯಲ್ಲಿ ಮಗು ಅಳುತ್ತಿತ್ತು, ನಾನೇನು ಮಾಡಲಿ? ಆ ಮಗು ನೀನೇ.

ಇದನ್ನು ನಾನು ಸುಮ್ಮನೆ ಕಥೆಯಾಗಿ ಹೇಳಿದೆ ಅಂತ ಬರೆಯಬಹುದು. ಹಾಗಲ್ಲ. ಹೇಳಿ ಮುಗಿಸಿ, ನಿನ್ನ ಮೆಷಿನ್ನಿನ ಬಾಲ ಒಂದು ಗೇಣು ಆಚೆ ಇಡು ಅಂತಲೂ ಅಂದೆ. ಅವಳು ನಕ್ಕಳು. ಹಾಗೆ ಬೇಕಂತಲೇ ತಾಗಿಸಿಕೊಂಡರೆ ಅದೂ ತಪ್ಪು ಅಂತ ರೂಲ್ಸಿನಲ್ಲಿ ಇದೆ ಅಜ್ಜಿ ಅಂದಳು. ಬೇಕಂತ ಮಾಡಿದ್ದು ಅಂತ ಯಾರಿಗೆ ಗೊತ್ತಾಗುತ್ತದೆ ಅಂದೆ. ಆಮೇಲೆ ಅವಳು ನಗಲಿಲ್ಲ, ಊಟ ಮಾಡಿದಳು.

ಸೆಮಿಫೈನಲ್ಲಿಗೆ ಮುಂಚೆ ಇನ್ನೊಂದು ವಿಚಿತ್ರ. ನಮ್ಮ ಮೆಷಿನ್ನಿನ ಬ್ಯಾಟರಿ ಕೈಕೊಟ್ಟಿತು. ಮಕ್ಕಳು ಒದ್ದಾಡುತ್ತಿದ್ದಾಗ ವಚನಾ ಓಡಿ ಬಂದು ತಮ್ಮದೇ ಒಂದು ಬ್ಯಾಟರಿ ಕೊಟ್ಟು ಹೋದಳು. ಫುಲ್ ಚಾರ್ಜ್ ಇದೆ, ತಗೊಳ್ಳಿ ಅಂದಳು. ನಾನು ಯಶ್ವಂತನನ್ನು ಕರೆದು, ಅದರಲ್ಲಿ ಏನೋ ಮೋಸ ಇರುತ್ತೆ, ಹಾಕಬೇಡ್ರೋ ಅಂದೆ. ಅವನು ನನ್ನನ್ನು ಹುಚ್ಚಿಯ ಹಾಗೆ ನೋಡಿದ. ಇಲ್ಲಿ ಹಾಗೆಲ್ಲಾ ಇಲ್ಲ ಅಜ್ಜಿ ಅಂದ. ಹಾಗಾದರೆ ಹೇಗೆ ಇದೆ ಅಂತ ಯಾರೂ ನನಗೆ ಬಿಡಿಸಿ ಹೇಳಲಿಲ್ಲ. ಈಗ ಬ್ಯಾಟರಿ ಕೊಟ್ಟು ಇನ್ನು ಹತ್ತು ನಿಮಿಷಕ್ಕೆ ಗುದ್ದಾಡುತ್ತಾರೆ. ಗುದ್ದಾಡಿ ಥ್ಯಾಂಕ್ಸ್ ಹೇಳುತ್ತಾರೆ.

ಆಟ ಶುರುವಾಯಿತು. ಗಗನಾಳ ಜೊತೆಗೆ ಮೈಸೂರಿನ ಒಂದು ತಂಡ. ಮೊದಲಿಂದ ಕೊನೆಯವರೆಗೂ ಸಮಸಮ. ಗಂಟೆ ಹೊಡೆಯಿತು. ಗಗನಾ ಮೂಲೆಗೆ ಬಂದಳು. ವಚನಾಳ ಮೆಷಿನ್ನು ತನ್ನ ಮೂಲೆಗೆ ಹೋಗಬೇಕಾದರೆ ನಮ್ಮ ಮೂಲೆಯ ಮುಂದೆಯೇ ಹಾದು ಹೋಗಬೇಕು. ನಾನು ನೋಡುತ್ತಲೇ ಇದ್ದೆ. ನಮ್ಮ ಮೆಷಿನ್ನಿನ ಬಾಲ ಮೆಲ್ಲಗೆ, ಒಂದು ಗೇಣು, ಆಚೆ ಬಂತು. ವಚನಾಳದು ತಾಗಿತು. ರೆಫರಿ ಬಾವುಟ ಎತ್ತಿದಳು. ಪಾಯಿಂಟು ನಮಗೆ. ಗೆದ್ದೆವು.

ನಾನು ಸೀಟಿನ ಮೇಲೆ ಹತ್ತಿ ಚಪ್ಪಾಳೆ ತಟ್ಟಿದೆ ಲಕ್ಷ್ಮಿ. ನಿಮ್ಮಪ್ಪನಿಗೆ ಎಚ್ಚರವಾಯಿತು. ನಮ್ಮ ಹುಡುಗರು ಕುಣಿದರು, ಮೈಸೂರಿನವರೂ ಕುಣಿದರು. ವಚನಾ ತನ್ನ ಮೆಷಿನ್ನಿನ ಪಕ್ಕ ಮಂಡಿಯೂರಿ ಕೂತು ಚಕ್ರ ತಿರುಗಿಸಿ ನೋಡುತ್ತಿದ್ದಳು, ತಾನೇ ಏನೋ ತಪ್ಪು ಓಡಿಸಿದೆ ಅನ್ನುವ ಹಾಗೆ. ಗಗನಾ ಕುಣಿಯಲಿಲ್ಲ. ರಿಮೋಟು ಯಶ್ವಂತನ ಕೈಗೆ ಕೊಟ್ಟಳು. ಹೋಗಿ ಆ ಕೆಂಪು ಪಟ್ಟಿಯ ಚೌಕದಲ್ಲಿ ನಿಂತಳು.

ಏನು ಹೇಳಿದಳು ಅಂತ ನನಗೆ ಆಗ ಕೇಳಿಸಲಿಲ್ಲ, ಆಮೇಲೆ ಮೇಷ್ಟ್ರು ಹೇಳಿದ್ದು. "ಮೇಡಂ, ಅದು ಅವರ ಫೌಲ್ ಅಲ್ಲ. ನಾನು ಬೇಕಂತಲೇ ರಿವರ್ಸ್ ಬಂದೆ" ಅಂದಳಂತೆ. ಯಾರೂ ಕೇಳಿರಲಿಲ್ಲ. ರೆಫರಿಗೂ ಕಂಡಿರಲಿಲ್ಲ. ಎದುರು ಪಾರ್ಟಿಯವರೇ ತಕರಾರು ಮಾಡಿರಲಿಲ್ಲ.

ರೆಫರಿಗಳೆಲ್ಲ ತಲೆ ಸೇರಿಸಿ ಮಾತಾಡಿಕೊಂಡರು. ಮೈಕಿನಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಬೋರ್ಡಿನ ಮೇಲೆ ನಮ್ಮ ಪಾಯಿಂಟು ಇಳಿಯಿತು. ವಚನಾ ಎದ್ದು ನಿಂತು ನಕ್ಕಳು, ಅವಳ ಕಡೆಯವರೆಲ್ಲ ಕೂಗಿಕೊಂಡರು. ನಮ್ಮ ಯಶ್ವಂತ ತಲೆ ಮೇಲೆ ಕೈ ಇಟ್ಟುಕೊಂಡ. ನನಗೆ ಕಂಡದ್ದು ಇಷ್ಟು. ನಮ್ಮ ಮಗುವಿನದನ್ನು ಕಿತ್ತುಕೊಂಡರು, ಅಷ್ಟೇ ನನ್ನ ತಲೆಗೆ ಹೋದದ್ದು.

ಪಾಯಿಂಟು ತೆಗೆದಿದ್ದೇವೆ, ಆದರೆ ಮಗು ತಾನಾಗಿ ಬಂದು ಹೇಳಿದ್ದರಿಂದ ಕಾರ್ಡು ಕೊಡುತ್ತಿಲ್ಲ, ಸ್ಕೋರು ಸಮ ಬಂದಿದೆ, ಇನ್ನೊಂದು ಸಲ ಆಡಿಸುತ್ತೇವೆ ಅಂತ ಮೈಕಿನಲ್ಲಿ ಹೇಳಿದ್ದು, ನನಗೆ ಆಮೇಲೆ ಗೊತ್ತಾಯಿತು. ಗಗನಾ ಖುಷಿಯಿಂದ ನಮ್ಮ ಹುಡುಗರ ಕಡೆ ಓಡಿ ಬರುತ್ತಿದ್ದಳಂತೆ. ನಾನು ಅದನ್ನು ನೋಡಲಿಲ್ಲ. ಅಷ್ಟರಲ್ಲಿ ನಾನು ಚೌಕದೊಳಗೆ ಇದ್ದೆ.

ಹೌದು. ಮೇಷ್ಟ್ರು ಬೆರಳು ಮಾಡಿ ತೋರಿಸಿದ್ದ ಅದೇ ಚೌಕ. ಹೂಂ ಅಂದಿದ್ದ ನಾನೇ.

ರೆಫರಿ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಅವಳ ಮಣಿಕಟ್ಟು ಹಿಡಿದುಕೊಂಡೆ. "ಏನಮ್ಮಾ, ಮಗೂಗೆ ನೆನ್ನೆಯಿಂದ ಜ್ವರ. ಏನ್ ಮಾತಾಡ್ತಾ ಇದೀನಿ ಅಂತ ಅದಕ್ಕೇ ಗೊತ್ತಿಲ್ಲ. ಅದರ ಮಾತು ಕಟ್ಕೊಂಡು ಪಾಯಿಂಟ್ ಕಿತ್ಕೋತೀಯಾ?" ಅಂದೆ. ಅವಳು ಮೊದಲು ಮೆಲ್ಲಗೆ, ಅಜ್ಜಿ ಕೈ ಬಿಡಿ, ಗೆರೆಯಿಂದ ಆಚೆ ಹೋಗಿ ಅಂದಳು. ನಾನು ಬಿಡಲಿಲ್ಲ. ಆ ಕಡೆ ವಚನಾಳನ್ನು ತೋರಿಸಿ ಆಡಬಾರದ ಒಂದು ಮಾತನ್ನೂ ಆಡಿದೆ, ಅದನ್ನು ಬರೆಯುವುದಿಲ್ಲ. ನೀನು ಚಿಕ್ಕವಳಿದ್ದಾಗ ನಿನಗೂ ಒಂದು ಸಲ ಆ ಮಾತು ಅಂದಿದ್ದೆ, ನೀನು ಎರಡು ದಿನ ಊಟ ಬಿಟ್ಟಿದ್ದೆ.

ಗಗನಾ ಬಂದು ನನ್ನ ಪಕ್ಕ ನಿಂತಳು. ಕೂಗಲಿಲ್ಲ. "ಅಜ್ಜಿ, ನಂಗೆ ಜ್ವರ ಇಲ್ಲ" ಅಂದಳು, ರೆಫರಿಗೆ ಕೇಳಿಸುವ ಹಾಗೆ.

ಎರಡನೇ ಹಳದಿ ಕಾರ್ಡು ಬಂತು, ಅದರ ಬೆನ್ನಿಗೇ ಕೆಂಪು. ಇನ್ನೊಂದು ಸಲ ಆಡಿಸುವ ಮಾತು ಅಲ್ಲಿಗೇ ಮುಗಿಯಿತು. ನಮ್ಮ ತಂಡದ ಜೊತೆಗೆ ಆ ಮೈಸೂರಿನ ಮಕ್ಕಳೂ ಹೊರಗೆ ಬಂದರು, ಒಬ್ಬರಿಗೆ ಕೆಂಪು ಬಂದರೆ ಜೋಡಿಗೂ ಬಂದ ಹಾಗೆಯಂತೆ. ಕೋಳಿ ಕೂಗುವ ಮುಂಚೆ ಎದ್ದು ಬಸ್ಸು ಹತ್ತಿ ಬಂದಿದ್ದ ಮಕ್ಕಳು. ಅವರ ಪೈಕಿ ಒಂದು ಹುಡುಗ ಅಳುತ್ತಾ ಪೆಟ್ಟಿಗೆಗೆ ಸ್ಕ್ರೂಡ್ರೈವರು ತುಂಬುತ್ತಿದ್ದ. ಅವನು ಯಾರು, ಯಾರ ಮಗ, ನನಗೆ ಗೊತ್ತಿಲ್ಲ. ರಾತ್ರಿ ಮಲಗಿದರೆ ನನಗೆ ಗಗನಾಳ ಮುಖ ಬರುವುದಿಲ್ಲ, ಆ ಹುಡುಗನದು ಬರುತ್ತದೆ. ಇದು ಯಾಕೆ ಅಂತಲೂ ಗೊತ್ತಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ನಾನೇ ಬಾಯಿ ತೆಗೆದೆ. ಸಿಟ್ಟು ಇಳಿದಿರಲಿಲ್ಲ, ಯಾರ ಮೇಲೆ ಅಂತ ತಿಳಿದಿರಲಿಲ್ಲ. ಯಾರೂ ಕೇಳದೆ ಹೋಗಿ ಹೇಳುವ ದರ್ದು ನಿನಗೇನಿತ್ತು ಅಂದೆ. ದೊಡ್ಡ ಮಾತು ಏನಾದರೂ ಆಡುತ್ತಾಳೆ, ಸತ್ಯ ಗಿತ್ಯ ಅಂತ, ಆಡಿದರೆ ಉಗಿಯೋಣ ಅಂತ ಕಾಯುತ್ತಿದ್ದೆ. ಅವಳು ಆಡಲಿಲ್ಲ. ಬಾಗಿಲ ಗಾಜಿಗೆ ತಲೆ ಒರಗಿಸಿಕೊಂಡು ನಿಂತಿದ್ದಳು.

"ವಚನಾ ನನ್ನ ತಪ್ಪಿಸೋಕೆ ಎಷ್ಟು ನೋಡಿದಳು ಗೊತ್ತಾ ಅಜ್ಜಿ. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ನಾನೇ ರಿವರ್ಸ್ ಬಂದು ತಾಗಿಸ್ಕೊಂಡೆ. ಗೆದ್ದಾಗ ಎಲ್ಲಾರೂ ಪಾಯಿಂಟು ಪಾಯಿಂಟು ಅಂದ್ರು, ನಾನು ಹೆಂಗ್ ಓಡಿಸ್ದೆ ಅಂತ ಒಬ್ರೂ ಅನ್ಲಿಲ್ಲ. ಇಷ್ಟು ಚೆನ್ನಾಗಿ ಓಡಿಸ್ತೀನಿ, ಒಂದ್ ಸಲ ಅದ್ರಲ್ಲೇ ಗೆಲ್ಬೇಕಿತ್ತು."

ಇದನ್ನು ನಾನು ಹಾಗೇ ಬರೆದಿದ್ದೇನೆ, ಒಂದು ಮಾತೂ ನನ್ನದಲ್ಲ. ನನಗೆ ಇದು ಪೂರ್ತಿ ಅರ್ಥವಾಗಿದೆ ಅಂತ ಹೇಳುವುದಿಲ್ಲ. ನೀನು ಓದಿದವಳು, ನಿನಗೆ ಆಗಬಹುದು. ನಲ್ಲಿಯ ಹತ್ತಿರ ನಮಗೆ ರೆಫರಿ ಇರಲಿಲ್ಲ, ಚೌಕ ಇರಲಿಲ್ಲ, ಇನ್ನೊಂದು ಸಲ ಆಡಿಸುತ್ತೇವೆ ಅನ್ನುವವರು ಇರಲಿಲ್ಲ. ನೀರು ನಿಂತರೆ ನಿಂತಿತು. ಹೇಗೋ ಕೊಡ ತುಂಬಿದರೆ ಸಾಕು. ಎಷ್ಟು ಚೆನ್ನಾಗಿ ತುಂಬಿದೆ ಅಂತ ನಾನು ಯಾವತ್ತೂ ನೋಡಿಕೊಳ್ಳಲಿಲ್ಲ, ನೋಡಿಕೊಂಡಿದ್ದರೆ ನೀನು ಬೆಳೆಯುತ್ತಿರಲಿಲ್ಲ. ಹಾಗಂತ ನಾನು ಮಾಡಿದ್ದು ಸರಿಯೇ? ಅವಳು ಮಾಡಿದ್ದೂ ಸರಿಯೇ? ಎರಡೂ ಹೇಗೆ ಸರಿಯಾಗುತ್ತದೆ? ಒಂದು ವಾರದಿಂದ ರಾಗಿ ಮುದ್ದೆ ತೊಳಸುವಾಗಲೂ ಇದೇ ಯೋಚನೆ. ಮೊನ್ನೆ ಮುದ್ದೆ ಗಂಟಾಯಿತು, ನಿಮ್ಮಪ್ಪ ಸುಮ್ಮನೆ ತಿಂದರು.

ಆವತ್ತು ಮನೆಗೆ ಬಂದ ಮೇಲೆ ಗಗನಾ ಒಂದೇ ಒಂದು ಕೇಳಿಕೊಂಡಳು. ಅಜ್ಜಿ, ನೀನು ಚೌಕದೊಳಗೆ ಬಂದಿದ್ದು, ಕಾರ್ಡು ಬಂದಿದ್ದು ಅಮ್ಮಂಗೆ ಹೇಳಬೇಡ, ಹೇಳಿದರೆ ನನ್ನ ಕರ್ಕೊಂಡು ಹೋಗಿಬಿಡುತ್ತಾಳೆ ಅಂದಳು. ಮಾರನೇ ದಿನ ನೀನು ಫೋನು ಮಾಡಿದಾಗ ನನ್ನದನ್ನೂ ತನ್ನ ತಲೆಗೇ ಹಾಕಿಕೊಂಡು, ನಾನು ಫೌಲು ಮಾಡಿದೆ ಅಂದಳು. ರೆಫರಿಯ ಮುಂದೆ ಸುಳ್ಳು ಹೇಳಲಾರದವಳು ನಿನ್ನ ಮುಂದೆ ಹೇಳಿದಳು. ಇದೂ ನನಗೆ ಅರ್ಥವಾಗಲಿಲ್ಲ ನೋಡು.

ಮೊನ್ನೆ ಶನಿವಾರ ಹುಡುಗರು ಶೆಡ್ಡಿಗೆ ಬಂದರು. ಅವಳು ಮೇಲಿನಿಂದ ಇಳಿಯಲಿಲ್ಲ, ಅಮ್ಮ ಬೇಡ ಅಂದಿದ್ದಾಳೆ ಅಂತ ಹೇಳಿ ಕಳಿಸಿದಳು. ಯಶ್ವಂತನಿಗೆ ಅವಳ ಮೇಲೆ ಕೋಪ ಇತ್ತು, ಹೋಗಿ ಹೇಳಿದಳಲ್ಲ ಅಂತ. ಆದರೂ ಅವನೇ ಮೆಟ್ಟಿಲ ಕೆಳಗೆ ನಿಂತು, ಮುಂದಿನ ವರ್ಷಕ್ಕೆ ಈಗಿನಿಂದಲೇ ಶುರು ಮಾಡಬೇಕು, ಅವಳಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಓಡಿಸಲ್ಲ, ಬರೋಕ್ ಹೇಳಿ ಅಜ್ಜಿ ಅಂದ. ಮೇಲೆ ಹೋಗಿ ನೋಡಿದರೆ ಗಣಿತದ ಪುಸ್ತಕ ತೆರೆದುಕೊಂಡು ಕೂತಿದ್ದಾಳೆ. ಕೆಳಗೆ ಮೆಷಿನ್ನು ಓಡುವ ಸದ್ದು ಬಂದಾಗ ಪೆನ್ನು ನಿಲ್ಲುತ್ತದೆ. ಸದ್ದು ನಿಂತಾಗ ಬರೆಯುತ್ತಾಳೆ. ಬಾಗಿಲಲ್ಲಿ ನಿಂತು ನೋಡಿ ಇಳಿದು ಬಂದೆ. ಅವತ್ತೇ ಬರೆಯೋಣ ಅಂದುಕೊಂಡೆ, ಬರೆಯುವಷ್ಟರಲ್ಲಿ ಇವತ್ತಾಯಿತು.

ಈಗ ಕೇಳು. ಅವಳು ಸೋತಿಲ್ಲ. ಅವಳು ಮಾಡಿದ ತಪ್ಪನ್ನು ಅವಳೇ ಹೋಗಿ ಸರಿ ಮಾಡಿಕೊಂಡಿದ್ದಳು, ಇನ್ನೊಂದು ಆಟ ಸಿಕ್ಕಿತ್ತು. ಅದನ್ನು ಕಳೆದದ್ದು ನಾನು. ನನ್ನ ಮೇಲಿನ ಸಿಟ್ಟಿಗೆ ಅವಳನ್ನು ಕರೆದುಕೊಂಡು ಹೋಗುವುದಾದರೆ ಹೋಗು. ನೀನು ಹೆತ್ತವಳು, ದಸರೆಯಲ್ಲೇ ಹೇಳಿದ್ದೆ, ನಾನು ಅಡ್ಡ ನಿಲ್ಲುವುದಿಲ್ಲ. ಆದರೆ ಮೆಷಿನ್ನು ಬಿಡಿಸಬೇಡ. ಇವೆರಡೂ ಬೇರೆ ಬೇರೆ ವಿಷಯ. ಒಂದಕ್ಕೆ ಇನ್ನೊಂದನ್ನು ಗಂಟು ಹಾಕಬೇಡ, ನಿನಗೆ ಆ ಅಭ್ಯಾಸ ಇದೆ, ನನ್ನಿಂದಲೇ ಬಂದದ್ದು.

ಮತ್ತೆ, ನನ್ನನ್ನು ಕೇಳಬೇಡ. ನಿಮ್ಮಪ್ಪನನ್ನೂ ಕೇಳಬೇಡ. ಅವಳನ್ನೇ ಕೇಳು, ಅವಳು ಹೇಳಿ ಮುಗಿಸುವವರೆಗೂ ಬಾಯಿ ಮುಚ್ಚಿಕೊಂಡಿರು. ಆ ರೆಫರಿ ಹುಡುಗಿ ಹಾಗೇ ಕೇಳಿಸಿಕೊಂಡಳು, ಕತ್ತು ಬಗ್ಗಿಸಿಕೊಂಡು, ಮಧ್ಯೆ ಒಂದು ಮಾತೂ ಆಡದೆ. ನಾನು ಬರುವವರೆಗೂ.

ನಿನ್ನ ಮೇಲೆ ಸಿಟ್ಟಿಲ್ಲದೆ ಮೊದಲ ಸಲ ಇಷ್ಟುದ್ದ ಮಾತಾಡಿದ,

ನಿಮ್ಮಮ್ಮ
ಪಾಪಮ್ಮ

ಬರೆಯದೆ ಬಿಟ್ಟಿದ್ದು: ಲಕೋಟೆ ಅಂಟಿಸಿದ್ದೆ, ಕಿತ್ತು ಬರೆಯುತ್ತಿದ್ದೇನೆ. ನಿನ್ನೆ ಅರುಣ್ ಕುಮಾರ್ ಮೇಷ್ಟ್ರಿಗೆ ಫೋನು ಮಾಡಿ, ದಾವಣಗೆರೆಯಲ್ಲಿ ಹೀಗೆ ಮೆಷಿನ್ನು ಓಡಿಸುವ ಮಕ್ಕಳ ತಂಡ ಏನಾದರೂ ಇದೆಯೇ ಅಂತ ವಿಚಾರಿಸಿದೆ. ವಿಚಾರಿಸಿ ಹೇಳ್ತೀನಿ ಅಂದವರು ಈಗ ತಾನೇ ಮನೆಗೆ ಬಂದರು. ಇಲ್ಲ ಅನ್ನಲಿ ಅಂತ ಅವರ ಬಾಯನ್ನೇ ನೋಡುತ್ತಿದ್ದೆ. ಇದೆಯಂತೆ, ನೀವಿರುವ ಮನೆಯಿಂದ ಎರಡು ರಸ್ತೆ ಆಚೆಯ ಸ್ಕೂಲಿನಲ್ಲಿ. ಅವರಿಗೆ ಡ್ರೈವರು ಬೇಕಾಗಿದ್ದಾರಂತೆ. ಇದು ಗಗನಾಗೆ ಗೊತ್ತಿಲ್ಲ.